ಮೊದಲ ಗಾಳಿಗೆ ಅಡ್ಡ

ತಟ್ಟಬೇಕಿತ್ತೇ? ಬೆರಳು ನಿಜವಾಗಿಯೂ ಅಡ್ಡ ಬಂದಿತ್ತೇ, ಇಲ್ಲವೇ ತಾನು ನಿಂತ ಕಡೆಯಿಂದ ಹಾಗೆ ಕಂಡಿತೇ? ಗಾಜಿನ ಮೇಲೆ ಬಿದ್ದಿದ್ದ ಟ್ಯೂಬ್‌ಲೈಟಿನ ಹೊಳಪು ಕಣ್ಣಿಗೆ ಮೋಸ ಮಾಡಿರಬಹುದು. ಒಂದೇ ಸಲವಾಗಿದ್ದರೆ ಹಾಗೆಂದುಕೊಂಡು ಬಿಟ್ಟುಬಿಡಬಹುದಿತ್ತು. ಎರಡನೆಯ ಸಲವೂ ಕಂಡಿತ್ತು. ಮೂರನೆಯ ಸಲ ಕಾಣಬಾರದೆಂದು ಅವನು ತಲೆ ತಗ್ಗಿಸಿ ತನ್ನ ಚಪ್ಪಲಿಯ ತುದಿಯನ್ನು ನೋಡುತ್ತ ನಿಂತಿದ್ದ.

ಗಾಜಿನ ಆಚೆ, ಆಸ್ಪತ್ರೆಯ ಔಷಧಾಲಯದ ಕ್ಲೀನ್ ರೂಮಿನಲ್ಲಿ, ಅವನ ಅಕ್ಕನ ಗಂಡ ಲ್ಯಾಮಿನಾರ್ ಹುಡ್ಡಿನ ಮುಂದೆ ಕೂತು ವರ್ಷಕ್ಕೊಮ್ಮೆಯ ಪರೀಕ್ಷೆ ಮುಗಿಸುತ್ತಿದ್ದರು. ಹುಡ್ಡು ಎಂದರೆ ಮುಂದೆ ಬಾಯಿ ತೆರೆದಿರುವ ದೊಡ್ಡ ಸ್ಟೀಲಿನ ಪೆಟ್ಟಿಗೆ. ಅದರ ಹಿಂಗೋಡೆಯೇ ಒಂದು ಫಿಲ್ಟರ್. ಅಲ್ಲಿಂದ ಸೋಸಿದ ಗಾಳಿ ಸುಳಿಯಿಲ್ಲದೆ, ಎಳೆದುಬಿಟ್ಟ ಪರದೆಯ ಹಾಗೆ ಸಮವಾಗಿ, ಕೂತವನ ಎದೆಯ ಕಡೆಗೆ ಬರುತ್ತಿರುತ್ತದೆ. ಸೂಜಿಯ ತುದಿಗೂ ಬಾಟಲಿಯ ರಬ್ಬರ್ ಮುಚ್ಚಳಕ್ಕೂ ತಾಗುವ ಗಾಳಿ ನೇರ ಫಿಲ್ಟರಿನಿಂದ ಬಂದ ಮೊದಲ ಗಾಳಿಯಾಗಿರಬೇಕು, ಇನ್ನೊಂದನ್ನು ಸವರಿಕೊಂಡು ಬಂದದ್ದಾಗಬಾರದು. ನಡುವೆ ಬೆರಳು ಹೋದರೆ ಬೆರಳಿನ ಮೇಲಿದ್ದದ್ದು ಸೂಜಿಗೆ ಹೋಯಿತೆಂದೇ ಲೆಕ್ಕ. ಅದಕ್ಕೆ ಅಲ್ಲಿಯವರು ನೆರಳು ಬೀಳುವುದು ಎನ್ನುತ್ತಿದ್ದರು. ಪರೀಕ್ಷೆಯ ದಿನ ಜೊತೆಗಾರರೊಬ್ಬರು ಗಾಜಿನ ಈಚೆ ನಿಂತು ನೋಡಬೇಕು. ನೆರಳು ಬಿದ್ದರೆ ಗಾಜನ್ನು ಒಮ್ಮೆ ತಟ್ಟಬೇಕು. ತಟ್ಟಿದರೆ ಮುಗಿಯಿತು, ಅಲ್ಲಿಯವರೆಗೆ ಮಾಡಿದ್ದೆಲ್ಲ ಕಸದ ಬುಟ್ಟಿಗೆ, ಮಾಡಿದವರು ಹೊರಕ್ಕೆ.

ಅವನು ತಟ್ಟಿರಲಿಲ್ಲ.

ಭಾವ ಹೊರಕೋಣೆಗೆ ಬಂದು ಮಾಸ್ಕು ಕಳಚುವ ಮೊದಲೇ ಮಾತು ಶುರು ಮಾಡಿದರು. "ಏನಯ್ಯ ಮೌನಪ್ಪ, ನಿಂತಲ್ಲೇ ನಿದ್ದೆ ಹೋಗಿದ್ಯಾ? ಯಾವಾಗ ತಟ್ತೀಯೋ ಅಂತ ಕಿವಿಯೆಲ್ಲ ನಿನ್ನ ಕಡೇನೇ ಇತ್ತು."

"ಇಲ್ಲ ಭಾವ."

"ಏನಿಲ್ಲ? ನಿದ್ದೆ ಇಲ್ವೋ, ತಟ್ಟೋದಿಲ್ವೋ?"

"ಎರಡೂ ಇಲ್ಲ."

"ಆಯ್ತು, ಇವತ್ತಿನ ಮಾತೆಲ್ಲ ಇಲ್ಲೇ ಖರ್ಚು ಮಾಡ್ಬೇಡ. ಮೇಡಂ ಕೇಳಿದಾಗ ಹೇಳೋಕೆ ಒಂದೆರಡು ಉಳಿಸ್ಕೋ."

ಔಷಧಾಲಯದ ಮುಖ್ಯಸ್ಥೆ ತಮ್ಮ ಮೇಜಿನಿಂದ ತಲೆ ಎತ್ತದೆಯೇ ಕೇಳಿದರು, "ಹೇಗಿತ್ತು?"

"ಸರಿಯಿತ್ತು ಮೇಡಂ," ಎಂದ. ಹೇಳುವಾಗ ಧ್ವನಿ ನಡುಗಲಿಲ್ಲ. ಅದೇ ಅವನಿಗೆ ಅಸಹ್ಯವಾಯಿತು.

ಓದು ಮುಗಿಸಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದವನನ್ನು ಈ ಕೆಲಸಕ್ಕೆ ಎಳೆತಂದವರು ಭಾವ. ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಅವರೇ ಕಲಿಸಿದ್ದು. ಹುಡ್ಡಿನ ಒಳಗೆ ಅವನ ಮಣಿಕಟ್ಟು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವಂತೆ, ಹೀಗಲ್ಲ ಹೀಗೆ ಎಂದು ತಿರುಗಿಸಿದ್ದರು. ಹೊರಗೆ ಬಾಯಿಗೆ ಬೀಗವಿಲ್ಲದ ಮನುಷ್ಯ ಹುಡ್ಡಿನ ಮುಂದೆ ಕೂತರೆ ಬೇರೆಯೇ ಆಗಿಬಿಡುತ್ತಿದ್ದರು. ಅಲ್ಲಿ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಫ್ಯಾನಿನ ಒಂದೇ ಸಮನೆ ಹಮ್ಮೆನ್ನುವ ಸದ್ದು ಮಾತ್ರ. ಆ ಸದ್ದಿನ ಕೆಳಗೆ ಅಕ್ಕಪಕ್ಕದ ಎರಡು ಹುಡ್ಡುಗಳಲ್ಲಿ ಇಬ್ಬರೂ ವರ್ಷಗಟ್ಟಲೆ ಕೂತಿದ್ದರು. ತನ್ನ ಬದುಕಿನಲ್ಲಿ ಯಾರ ಜೊತೆಗಾದರೂ ಹೊಂದಿಕೊಂಡಿದ್ದೇನೆ ಎಂದು ಅವನಿಗೆ ಅನಿಸಿದ್ದರೆ ಅಲ್ಲೇ, ಹಾಗೆಯೇ.

ಅಂಥವರ ಗಾಜನ್ನು ತಟ್ಟುವುದು ಹೇಗೆ?

ಪರೀಕ್ಷೆಯಲ್ಲಿ ಔಷಧದ ಬದಲು ಜೇನುಬಣ್ಣದ ಪೋಷಕ ದ್ರವವನ್ನು ಬಾಟಲಿಯಿಂದ ಚೀಲಕ್ಕೆ ತುಂಬುತ್ತಾರೆ. ಒಂದು ಸೂಕ್ಷ್ಮಜೀವಿ ಒಳಗೆ ಬಿದ್ದಿದ್ದರೂ ಸಾಕು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಎರಡು ವಾರ ಇಟ್ಟರೆ ಉಂಡು ಬೆಳೆದು ದ್ರವವನ್ನೆಲ್ಲ ಮಂಕು ಮಾಡಿಬಿಡುತ್ತದೆ. ಅವನು ದಿನಾ ಬೆಳಿಗ್ಗೆ ಬಂದವನೇ ಆ ಪೆಟ್ಟಿಗೆಯ ಬಾಗಿಲು ತೆಗೆದು, ಭಾವನ ಚೀಲವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮಂಕಾಗಲಿ ಎಂದು ಆಸೆಪಡುತ್ತಿದ್ದ. ತಾನು ಆಡದ ಮಾತನ್ನು ಚೀಲವೇ ಆಡಿಬಿಟ್ಟರೆ ತಾನು ಯಾರ ಕಣ್ಣಿಗೂ ಕೆಟ್ಟವನಾಗಬೇಕಿಲ್ಲ. ಚೀಲ ತಿಳಿಯಾಗಿಯೇ ಇತ್ತು. ಕೊನೆಯ ದಿನವೂ ತಿಳಿ. ಮೇಡಂ ನೋಡಿ, ಸರಿ ಎಂದು ತಲೆಯಾಡಿಸಿ ಬಿಸಾಡಿಸಿದರು. ತಿಳಿಯಾದ ಚೀಲ ಆವತ್ತು ಏನೂ ಬೀಳಲಿಲ್ಲ ಎಂದಷ್ಟೇ ಹೇಳುತ್ತದೆ, ನಾಳೆಯ ಮಾತನ್ನು ಅದು ಆಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿಕೊಟ್ಟವರೂ ಭಾವನೇ.

ಅವರಿಬ್ಬರ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಹಸುಗೂಸುಗಳ ಚೀಲ. ಹೊತ್ತಿಗೆ ಮುಂಚೆ ಹುಟ್ಟಿ, ಹೊಟ್ಟೆಯಲ್ಲಿ ಹಾಲು ನಿಲ್ಲದ ಕೂಸುಗಳಿಗೆ ಸಕ್ಕರೆ, ಉಪ್ಪು, ಸಾರ ಎಲ್ಲ ಬೆರೆಸಿ ನೇರ ರಕ್ತನಾಳಕ್ಕೆ ಬಿಡುವ ಆಹಾರ ಅದು. ಒಂದು ಚೀಲಕ್ಕೆ ಎಷ್ಟೋ ಬಾಟಲಿ, ಎಷ್ಟೋ ಸಲ ಸೂಜಿ. ಭಾವನ ಪರೀಕ್ಷೆಯ ದಿನದಿಂದ ಅವನು ಆ ಚೀಲಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳತೊಡಗಿದ. ಭಾವ ಬರುವುದಕ್ಕೆ ಮುಂಚೆಯೇ ಬಂದು ಗೌನು ತೊಟ್ಟು ಕೂತುಬಿಡುತ್ತಿದ್ದ. ದೊಡ್ಡವರಿಗೆ ಹೋಗುವ, ಒಂದೇ ಸೂಜಿಯಲ್ಲಿ ಮುಗಿಯುವ ಕೆಲಸವನ್ನು ಅವರ ಪಾಲಿಗೆ ಬಿಡುತ್ತಿದ್ದ. ದೊಡ್ಡವರ ಮೈ ತಡೆದುಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ಪೂರ್ತಿ ನಿಜವಲ್ಲ ಎಂದೂ ಗೊತ್ತಿತ್ತು.

"ಏನಯ್ಯ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತ ಮಾಡಿದ್ಯಾ?" ಭಾವ ಕೇಳಿದರು. "ಕೂಸುಗಳೆಲ್ಲ ನಿನಗೇ ಆದ್ರೆ ನಾನೇನು ಇಲ್ಲಿ ನೊಣ ಹೊಡೀಲಾ? ಕ್ಲೀನ್ ರೂಮಲ್ಲಿ ಅದೂ ಸಿಗಲ್ಲ."

"ಅಭ್ಯಾಸ ಆಗ್ಲಿ ಅಂತ ಭಾವ."

"ಇನ್ನೂ ಅಭ್ಯಾಸಾನಾ? ಮದುವೆಯಾಗಿ ಮಕ್ಕಳಾದ ಮೇಲೆ ಹೆಣ್ಣು ನೋಡೋಕೆ ಹೋದೆ ಅನ್ನೋ ಹಾಗಾಯ್ತು." ನಕ್ಕರು. ನಗುವಾಗ ಬಲಗೈ ತಾನಾಗಿ ಎಡಭುಜವನ್ನು ಹಿಡಿದುಕೊಂಡಿತು. ಅವನು ಅದನ್ನು ನೋಡಿದ, ನೋಡದವನಂತೆ ಲೇಬಲ್ ಅಂಟಿಸತೊಡಗಿದ.

ಭುಜದ ವಿಷಯ ಅವನಿಗೆ ತಿಳಿದದ್ದು ಅಕ್ಕನ ಮನೆಯಲ್ಲಿ. ರಜೆಯ ದಿನ ಹೋದಾಗ ಅಕ್ಕ ಅಡಿಗೆಮನೆಯಲ್ಲಿ ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಡಬ್ಬ ಇಳಿಸುತ್ತಿದ್ದಳು.

"ಭಾವಂಗೆ ಹೇಳ್ಬಾರ್ದಾ ಅಕ್ಕ?"

"ಅವರಿಗೆಲ್ಲಿ ಎಟಕುತ್ತೆ ಈಗ? ಎಡಗೈ ಎದೆ ಮಟ್ಟಕ್ಕಿಂತ ಮೇಲೆ ಏಳಲ್ಲ, ಪಕ್ಕಕ್ಕೆ ಹೋಗಲ್ಲ. ಅಂಗಿ ತೋಳು ನಾನೇ ಏರಿಸ್ಬೇಕು. ಮೊನ್ನೆ ಬೆನ್ನು ಕೆರೆಯೋಕೆ ಬಾಗಿಲ ಚೌಕಟ್ಟಿಗೆ ಉಜ್ಕೊಂಡು ನಿಂತಿದ್ರು, ಎಮ್ಮೆ ಥರ." ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ ಕಣೋ. ಗೊತ್ತಾದ್ರೆ ಆಸ್ಪತ್ರೇಲಿ ಆ ಗಾಳಿ ಡಬ್ಬದ ಮುಂದಿಂದ ಎಬ್ಬಿಸ್ತಾರೆ ಅಂತ ಭಯ ಅವರಿಗೆ. ಹೊರಗೆ ಕೌಂಟರಲ್ಲಿ ನಿಂತು ಮಾತ್ರೆ ಎಣಿಸೋದಕ್ಕಿಂತ ಮನೇಲಿ ಬಿದ್ದಿರ್ತೀನಿ ಅಂತಾರೆ."

"ಯಾವಾಗಿಂದ ಅಕ್ಕ?"

"ಯಾವುದು?"

"ಭುಜ."

"ನೆನಪಿಲ್ಲ ಕಣೋ. ಮೆಲ್ಲಮೆಲ್ಲಗೆ ಹಿಡ್ಕೊಂಡಿದ್ದು. ಯಾಕೆ?"

"ಸುಮ್ನೆ."

ಹಾಗಾದರೆ ಕಂಡದ್ದು ಕಣ್ಣಿನ ಮೋಸವಲ್ಲ. ಮೊಣಕೈ ಪಕ್ಕೆಯನ್ನು ಬಿಟ್ಟು ಹೊರಕ್ಕೆ ಹೋಗುವುದಿಲ್ಲ, ಅದಕ್ಕೇ ಮಣಿಕಟ್ಟು ಒಳಕ್ಕೆ ತಿರುಗುತ್ತದೆ, ಬೆರಳು ಬಾಟಲಿಯ ಹಿಂಬದಿಗೆ, ಗಾಳಿ ಬರುವ ಕಡೆಗೆ, ಸುತ್ತಿಕೊಳ್ಳುತ್ತದೆ. ಭಾವನಿಗೇ ಅದು ಗೊತ್ತಿಲ್ಲ. ನೋವನ್ನು ಸುತ್ತಿ ಹೋಗಲು ಕೈ ತಾನೇ ದಾರಿ ಹುಡುಕಿಕೊಂಡಿದೆ. ಊಟಕ್ಕೆ ಕೂತಾಗ ಭಾವ ಜಗತ್ತಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಅವನು ಅವರ ಎಡಗೈಯನ್ನೇ ನೋಡುತ್ತಿದ್ದ. ಈಗ ಹೇಳಬೇಕು, ತುತ್ತು ಮುಗಿಯಲಿ, ಅಕ್ಕ ಒಳಗೆ ಹೋಗಲಿ, ಕೈ ತೊಳೆಯುವಾಗ ಹೇಳುತ್ತೇನೆ. ಕೈ ತೊಳೆದು, ಬರ್ತೀನಿ ಎಂದು ಹೊರಟ.

ತನ್ನ ಕೆಲಸ, ಮೇಲೆ ಭಾವನ ಕೆಲಸದ ಭಾರದ ಪಾಲು. ಇಷ್ಟು ದಿನ ಹಾಯೆನಿಸುತ್ತಿದ್ದ ಫ್ಯಾನಿನ ಸದ್ದು ಈಗ ಮಲಗಿದ ಮೇಲೂ ಕಿವಿಯಲ್ಲಿ ಉಳಿಯುತ್ತಿತ್ತು. ಸ್ಪಿರಿಟ್ಟಿಗೆ ಕೈಯ ಚರ್ಮ ಬಿರಿದಿತ್ತು. ಮನೆಯಲ್ಲಿ ಹೆಂಡತಿ ಏನಾದರೂ ಕೇಳಿದರೆ ಕೇಳಿದ್ದು ತಲೆಗೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. "ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರುತ್ತೆ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಅಂಥ ದಿನಗಳಲ್ಲೇ ಅವನ ಪರೀಕ್ಷೆ ಬಂತು. ಗಾಜಿನ ಈಚೆ ನಿಂತವರು ಭಾವ.

ಅವನು ಹುಡ್ಡನ್ನು ಒರೆಸಿದ, ಬಾಟಲಿಗಳನ್ನು ಒಂದರ ಗಾಳಿಗೆ ಇನ್ನೊಂದು ಅಡ್ಡ ಬಾರದಂತೆ ಸಾಲಾಗಿ ಇಟ್ಟ. ನೂರಾರು ಸಲ ಮಾಡಿದ್ದು. ಸೂಜಿ, ಮುಚ್ಚಳ, ಚೀಲ. ಸೂಜಿ, ಮುಚ್ಚಳ. ಯಾವಾಗಲೋ ಕಣ್ಣೆವೆ ಭಾರವಾಯಿತು. ಖಾಲಿ ಬಾಟಲಿಯನ್ನು ಬದಿಗೆ ಸರಿಸಲು ಹೋದ ಕೈ ನೆಟ್ಟಗಿನ ದಾರಿ ಹಿಡಿದು ಸೂಜಿಯ ಹಿಂಬದಿಯಿಂದ ಹಾದುಹೋಯಿತು. ಸೂಜಿ ಇನ್ನೊಂದು ಬಾಟಲಿಯ ಮುಚ್ಚಳದ ಮೇಲೆ ನಿಂತೇ ಇತ್ತು.

ಟಕ್.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ತಿರುಗಿ ನೋಡಿದ. ಭಾವ ಬೆರಳ ಗೆಣ್ಣನ್ನು ಇನ್ನೂ ಗಾಜಿಗೆ ಒತ್ತಿಹಿಡಿದು ನಿಂತಿದ್ದರು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಎದ್ದು ಬಾ ಎಂದು ತಲೆಯಲ್ಲೇ ಸನ್ನೆ ಮಾಡಿದರು.

ಹೊರಕೋಣೆಯಲ್ಲಿ ಅವನು ಗೌನಿನ ಗಂಟು ಬಿಚ್ಚಲು ಒದ್ದಾಡುತ್ತಿದ್ದಾಗ ಭಾವನೇ ಬಲಗೈಯಿಂದ ಬಿಚ್ಚಿದರು. "ನೆರಳು ಬಿತ್ತು," ಎಂದರು. "ನೋಡ್ದೆ. ನೋಡಿದ ಮೇಲೆ ಬಿಡೋಕಾಗಲ್ಲ. ನನ್ನ ಮೇಲೆ ಸಿಟ್ಟು ಬಂದ್ರೆ ಬರ್ಲಿ."

"ಸಿಟ್ಟಿಲ್ಲ ಭಾವ."

"ಬರ್ಲಿ ಅಂತಲೇ ಹೇಳಿದ್ದು. ಬಂದ್ರೆ ಒಳ್ಳೇದು, ಮೈಯಲ್ಲಿ ರಕ್ತ ಇದೆ ಅಂತ ಗೊತ್ತಾಗುತ್ತೆ. ಕನ್ನಡಿ ನೋಡ್ಕೊಂಡಿದ್ಯಾ? ನಿನ್ನ ಮುಖ ಹಿಂಡಿ ಹಾಕಿದ ಬಟ್ಟೆ ಥರ ಆಗಿದೆ."

ಮೇಡಂ ಎದುರಿಗೂ ಭಾವ ಅದನ್ನೇ ಹೇಳಿದರು, ಸುತ್ತಿಬಳಸದೆ. ಹುಡುಗ ಒಳ್ಳೆಯ ಕೆಲಸಗಾರ, ದಣಿದಿದ್ದಾನೆ, ಒಂದು ವಾರ ಒಳಗೆ ಬಿಡಬೇಡಿ, ಆಮೇಲೆ ಮತ್ತೆ ಪರೀಕ್ಷೆ ಇಡಿ. ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡ. ಇಷ್ಟು ಸಲೀಸಾಗಿ ಹೇಳಿಬಿಡಬಹುದಿತ್ತು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಭಾವ ಅವನ ಹೆಗಲ ಮೇಲೆ ಕೈಯಿಟ್ಟೇ ಹೊರಗೆ ಕರೆದುಕೊಂಡು ಬಂದರು, ಚಹಾ ಕುಡಿಸಿದರು.

ಆದರೆ ಈಗ ಒಳಗೆ ಉಳಿದವರು ಭಾವ ಒಬ್ಬರೇ. ಕೂಸುಗಳ ಚೀಲವೆಲ್ಲ ಆ ಎಡಗೈಗೇ ಹೋಯಿತು. ಅವನನ್ನು ಕಿಟಕಿಯ ಈಚೆ, ತಯಾರಾಗಿ ಬಂದ ಚೀಲಗಳ ಲೇಬಲ್ ತಾಳೆ ನೋಡಲು ಕೂರಿಸಿದರು. ಒಂದೊಂದು ಚೀಲ ಸಣ್ಣ ಕಿಟಕಿಯಿಂದ ಬಂದಾಗಲೂ ಅವನು ಅದನ್ನು ಬೆಳಕಿಗೆ ಹಿಡಿಯುತ್ತಿದ್ದ. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಆದರೂ ಹಿಡಿಯುತ್ತಿದ್ದ, ಆಮೇಲೆ ವಾರ್ಡಿಗೆ ಕಳಿಸುತ್ತಿದ್ದ. ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಈಗ ಹೇಳಿದರೆ ತಟ್ಟಿದ್ದಕ್ಕೆ ಸೇಡು ತೀರಿಸಿಕೊಂಡ ಎಂದು ಕಾಣುತ್ತದಲ್ಲ ಎಂದು ಮತ್ತೆ ತಡೆಯುತ್ತಿದ್ದ. ಹೇಳದಿರಲು ಅವನಿಗೆ ಯಾವಾಗಲೂ ಒಂದು ಕಾರಣ ಸಿಗುತ್ತಿತ್ತು, ಮತ್ತು ಕಾರಣ ಯಾವಾಗಲೂ ಮರ್ಯಾದಸ್ಥವಾಗಿಯೇ ಇರುತ್ತಿತ್ತು.

ವಾರ ಅರ್ಧ ಕಳೆದಿರಬೇಕು. ಹಸುಗೂಸುಗಳ ವಾರ್ಡಿನ ನರ್ಸ್ ಚೀಲ ಒಯ್ಯಲು ಬಂದವಳು ಮಾತಿನ ನಡುವೆ ಹೇಳಿದಳು, "ಮೂಲೆ ತೊಟ್ಟಿಲಿನ ಪುಟ್ಟಿಗೆ ಬೆಳಿಗ್ಗೆಯಿಂದ ಜ್ವರ. ರಕ್ತ ಕಳಿಸಿದ್ದೀವಿ. ಅವಳಮ್ಮ ಕೂತಲ್ಲಿಂದ ಏಳ್ತಿಲ್ಲ."

ಕೂಸುಗಳಿಗೆ ಜ್ವರ ಬರಲು ಬೇಕಾದಷ್ಟು ದಾರಿಗಳಿವೆ. ಅವನು ಕೂತಲ್ಲೇ ಕೂತಿದ್ದ. ಕೈಯಲ್ಲಿದ್ದ ಚೀಲವನ್ನು ಅವಳಿಗೆ ಕೊಡಬೇಕಿತ್ತು, ಕೊಡಲಾಗಲಿಲ್ಲ. "ಸ್ವಲ್ಪ ಇರಿ ಸಿಸ್ಟರ್, ಲೇಬಲ್ ಸರಿ ಕೂತಿಲ್ಲ," ಎಂದು ಹಿಂದಕ್ಕೆ ಇಟ್ಟುಕೊಂಡ. ಆಮೇಲೆ ಎದ್ದು ಹೊರಕೋಣೆಗೆ ಹೋದ. ಈ ಸಲ ಹೇಳಿಯೇ ತೀರುವುದೆಂದು ಹೋದ. ಬಾಯಿ ತೆರೆಯುವಷ್ಟರಲ್ಲಿ ಭಾವನೇ ಶುರು ಮಾಡಿದರು.

"ಒಳ್ಳೇ ಟೈಮಿಗೆ ಬಂದೆ. ಕೆಲಸ ಮುಗೀತು, ಹುಡ್ಡು ಖಾಲಿ ಇದೆ. ಗೌನು ಹಾಕ್ಕೋ. ನೀರಲ್ಲಿ ಒಂದೆರಡು ಸಲ ಮಾಡಿಸ್ತೀನಿ. ಮುಂದಿನ ಪರೀಕ್ಷೇಲಿ ನನ್ನ ಮಾನ ತೆಗೀಬೇಡ."

"ಭಾವ, ಒಂದು ಮಾತು..."

"ಮಾತು ಆಮೇಲೆ. ನಿನ್ನ ಬಾಯಲ್ಲಿ ಮಾತು ಅಂದ್ರೆ ಹೇಗೂ ಸಂಜೆ ಆಗುತ್ತೆ."

ಅವನು ಕೈ ತೊಳೆದ, ಗೌನು ತೊಟ್ಟ, ಒಳಗೆ ಹೋದ. ಭಾವ ಹುಡ್ಡಿನ ಮುಂದೆ ಕೂತು ನೀರು ತುಂಬಿದ ಬಾಟಲಿ ತೆಗೆದುಕೊಂಡರು. ಕಲಿಸುವಾಗ ಮಾತ್ರ ಅವರು ಅಲ್ಲಿ ಮಾತಾಡುತ್ತಿದ್ದರು, ಮುಖ ಪಕ್ಕಕ್ಕೆ ತಿರುಗಿಸಿ, ಮಾಸ್ಕಿನೊಳಗೆ, ಮೆಲ್ಲಗೆ.

"ನೋಡು. ದಣಿದಾಗ ಕೈ ಹತ್ತಿರದ ದಾರಿ ಹುಡುಕುತ್ತೆ. ಅದಕ್ಕೆ ಬಿಡಬಾರದು. ಮೊದ್ಲು ಮೊಣಕೈ ಹೊರಗೆ. ಹೀಗೆ. ಆಮೇಲೆ ಬೆರಳು ಬದಿಯಿಂದ..."

ಮೊಣಕೈ ಹೊರಗೆ ಹೋಗಲಿಲ್ಲ.

ಅವರು ಮತ್ತೊಮ್ಮೆ ಪ್ರಯತ್ನಿಸಿದರು. ಭುಜ ಕಿವಿಯ ಕಡೆಗೆ ಎದ್ದಿತು, ಮೊಣಕೈ ಪಕ್ಕೆಗೇ ಅಂಟಿಕೊಂಡಿತ್ತು. ಮಣಿಕಟ್ಟು ತಾನಾಗಿ ಒಳಕ್ಕೆ ಹೊರಳಿ ಬೆರಳುಗಳು ಬಾಟಲಿಯ ಹಿಂದಕ್ಕೆ ಹೋದವು. ಕಲಿಸಲು ನಿಧಾನ ಮಾಡಿದ್ದರಿಂದ ಅದು ಅವರಿಗೇ ಕಂಡಿತು. ಬಾಟಲಿ ಹಿಡಿದ ತಮ್ಮ ಕೈಯನ್ನು ಅವರು ನೋಡುತ್ತ ಕೂತರು, ಬೇರೆ ಯಾರದೋ ಕೈ ತಮ್ಮ ತೋಳಿನಲ್ಲಿ ಸಿಕ್ಕಿಕೊಂಡಿರುವಂತೆ. ಫ್ಯಾನು ಹಮ್ಮೆನ್ನುತ್ತಿತ್ತು. ಆ ಮೌನವನ್ನು ಅವನು ಇಷ್ಟು ವರ್ಷ ಪ್ರೀತಿಸಿದ್ದ. ಈಗ ಅದರೊಳಗೆ ನಿಲ್ಲಲಾಗಲಿಲ್ಲ.

ಭಾವ ಬಾಟಲಿಯನ್ನು ಕೆಳಗಿಟ್ಟರು. "ಎಷ್ಟು ದಿನದಿಂದ ಹೀಗೆ ಹಿಡೀತಿದ್ದೀನಿ?" ಎಂದರು. ತಮ್ಮನ್ನೇ ಕೇಳಿಕೊಂಡಂತಿತ್ತು. ಆಮೇಲೆ ಅವನ ಕಡೆ ತಿರುಗಿದರು. "ನನ್ನ ಪರೀಕ್ಷೆ ದಿನ ನೀನೇ ನಿಂತಿದ್ದಲ್ಲ. ಆವತ್ತೂ ಹೀಗೇ ಇತ್ತಾ?"

ಟೋಪಿಗೂ ಮಾಸ್ಕಿಗೂ ನಡುವೆ ಎರಡು ಕಣ್ಣು ಮಾತ್ರ. ಅವು ಬೇಡುತ್ತಿದ್ದವು. ಏನನ್ನು ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

"ಇಲ್ಲ ಭಾವ," ಎಂದ. "ಆವತ್ತು ಸರಿಯಿತ್ತು."

ಭಾವ ಉಸಿರು ಬಿಟ್ಟರು. ಎದ್ದರು. ಆಮೇಲಿನ ಯಾವುದಕ್ಕೂ ಅವರು ತಡ ಮಾಡಲಿಲ್ಲ. ಗೌನು ತೆಗೆಯದೆಯೇ ಮೇಡಂ ಬಾಗಿಲಿಗೆ ಹೋಗಿ ನಿಂತು, ತಮ್ಮ ಭುಜ ಹಿಡಿದುಕೊಂಡಿದೆ, ನೆರಳು ಬೀಳುತ್ತಿದೆ, ಇವತ್ತು ಮಾಡಿದ ಚೀಲ ಒಂದನ್ನೂ ತಗಲಿಸಬೇಡಿ, ತಗಲಿಸಿದ್ದರೆ ಇಳಿಸಿ, ಕೂಸುಗಳ ಡಾಕ್ಟರಿಗೂ ಹೇಳಿ ಎಂದರು. ಮೇಡಂ ಒಂದು ಕ್ಷಣ ಅವರ ಮುಖ ನೋಡಿದರು. ಬೈಯಲಿಲ್ಲ. ವಾರ್ಡಿಗೆ ಫೋನ್ ಮಾಡಿದರು, ಉಂಗುರ ಬಳೆ ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕಿ, ಕೈ ತೊಳೆಯಲು ತಾವೇ ಎದ್ದರು. ಹುಡ್ಡಿನ ಮುಂದೆ ಅವರು ಕೂತು ಎಷ್ಟೋ ಕಾಲವಾಗಿತ್ತು. ನಿಧಾನವಾಗಿ, ಒಂದೊಂದೇ ಚೀಲ ಮತ್ತೆ ಮಾಡಿದರು. ಗಾಜಿನ ಈಚೆ ಭಾವ, ಬಾಮೈದ ಇಬ್ಬರೂ ನಿಂತು ಅವರ ಕೈಯನ್ನೇ ನೋಡಿದರು.

ಪುಟ್ಟಿಯ ಜ್ವರ ಇಳಿಯಿತು. ರಕ್ತದಲ್ಲಿ ಏನೂ ಬೆಳೆಯಲಿಲ್ಲ ಎಂದು ವರದಿ ಬಂತು. ಚೀಲದಿಂದ ಬಂದಿತ್ತೋ, ಬೇರೆ ಯಾವುದರಿಂದಲೋ, ಯಾರಿಗೂ ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಭಾವ ಕೌಂಟರಿಗೆ ಹೋದರು. ಮನೆಯಲ್ಲೇನೂ ಬಿದ್ದಿರಲಿಲ್ಲ. ಸಂಜೆ ಹೊತ್ತು ಭುಜಕ್ಕೆ ವ್ಯಾಯಾಮ ಮಾಡಿಸಿಕೊಳ್ಳಲು ಹೋಗುತ್ತಿದ್ದರು, ಗೋಡೆಯ ಮೇಲೆ ಬೆರಳು ನಡೆಸುತ್ತ ಹಲ್ಲಿಯ ಹಾಗೆ ಹತ್ತುತ್ತೇನೆ ಎಂದು ತಾವೇ ಎಲ್ಲರಿಗೂ ಮಾಡಿ ತೋರಿಸುತ್ತಿದ್ದರು. ಮಾತ್ರೆ ಕೊಳ್ಳಲು ಬಂದವರು ಅವರ ಮಾತಿಗೆ ನಿಂತುಬಿಡುತ್ತಿದ್ದರು. ಅವನು ಮತ್ತೆ ಪರೀಕ್ಷೆ ಕೊಟ್ಟು ಒಳಗೆ ಹೋದ. ಮೇಡಂ ಈ ಸಲ ತಾವೇ ಗಾಜಿನ ಈಚೆ ನಿಂತಿದ್ದರು. ಪಕ್ಕದ ಹುಡ್ಡಿಗೆ ಹೊಸಬಳೊಬ್ಬಳು ಬಂದಳು, ಕೆಲಸದಲ್ಲಿ ಚುರುಕಾದವಳು. ಅವಳ ಪಕ್ಕ ಕೂತಾಗ ಅವನಿಗೆ ಮೌನವೆಂದರೆ ಬರೀ ಮಾತಿಲ್ಲದಿರುವುದು ಅಷ್ಟೇ ಆಗಿತ್ತು.

ಒಂದು ದಿನ ಆಸ್ಪತ್ರೆಯ ಹಿಂಬದಿಯ ಬೆಂಚಿನಲ್ಲಿ ಚಹಾ ಕುಡಿಯುತ್ತ ಭಾವ ತಾವಾಗಿಯೇ ಆ ಮಾತು ತೆಗೆದರು.

"ಒಂದೇ ಸಮಾಧಾನ ಕಣಯ್ಯ ನನಗೆ. ಪರೀಕ್ಷೆ ದಿನ ನೀನು ನಿಂತಿದ್ದೆ. ನಿನ್ನ ಕಣ್ಣು ತಪ್ಪಿಸಿ ಇರುವೆನೂ ಹೋಗಲ್ಲ. ನೀನು ತಟ್ಟಲಿಲ್ಲ ಅಂದ್ಮೇಲೆ ಅಲ್ಲೀವರೆಗೂ ಕೈ ಸರಿಯಾಗೇ ಇತ್ತು ಅಂತ ಅರ್ಥ. ಕೆಟ್ಟಿದ್ದು ಆಮೇಲೆ. ಆಮೇಲೆ ಕೂಸುಗಳ ಚೀಲ ಎಲ್ಲ ನೀನೇ ಎಳ್ಕೊಂಡ್ಯಲ್ಲ, ನಿನ್ನ ಹಟಾನೇ ನನ್ನ ಕಾಪಾಡ್ತು. ನನ್ನ ಕೈಯಿಂದ ಏನಾದ್ರೂ ಆಗಿದ್ರೆ ನೀನಿಲ್ಲದ ಆ ನಾಲ್ಕು ದಿನ. ಅಷ್ಟೇ." ಲೋಟದ ತಳ ನೋಡಿದರು. "ಇಲ್ಲಾಂದ್ರೆ ಯೋಚನೆ ಮಾಡು. ಎಷ್ಟು ಕೂಸುಗಳು, ಎಷ್ಟು ತಿಂಗಳು ಅಂತ ಹಿಂದೆ ಹಿಂದೆ ಹೋಗ್ತಾ ಇದ್ರೆ ಮನುಷ್ಯ ಮಲಗೋದು ಹೇಗೆ? ಅಲ್ವಾ?"

"ಹೌದು ಭಾವ."

"ಹೌದು ಭಾವ ಅಂತೆ. ಇನ್ನೆರಡು ಪದ ಸೇರಿಸಿದ್ರೆ ಹಲ್ಲು ಉದುರುತ್ತಾ ನಿನಗೆ?" ನಕ್ಕು, ಎಡಗೈಯನ್ನು ಮೆಲ್ಲಗೆ ಪಕ್ಕಕ್ಕೆ ಚಾಚಿ ತೋರಿಸಿದರು. ಅದು ಮೊದಲಿಗಿಂತ ಸ್ವಲ್ಪ ದೂರ ಹೋಗುತ್ತಿತ್ತು. "ನೋಡು, ಬಂತು."

ಅವನು ನೋಡಿದ, ಚೆನ್ನಾಗಿ ಬಂದಿದೆ ಎಂದ. ಲೋಟ ತೊಳೆದಿಟ್ಟು ಕೈ ಒರೆಸಿಕೊಂಡು ಒಳಗೆ ಹೋದ.

ಪರೀಕ್ಷೆಯ ದಿನ ಬೆರಳು ಅಡ್ಡ ಬಂದದ್ದನ್ನು ತಾನು ಎರಡು ಸಲ ಕಂಡಿದ್ದೆ ಎಂದು ಅವನು ಭಾವನಿಗೆ ಎಂದೂ ಹೇಳಲಿಲ್ಲ.